ಲೆಕ್ಕ ಹಾಕಿ ಬಿಡಿಸಿದ ಲೋಕಗಳು

ಖಗೋಳ ಚಿತ್ರಕಲೆಯಲ್ಲಿ ಎರಡು ಬಗೆಗಳಿವೆ. ಕಣ್ಣಿಗೋ ದೂರದರ್ಶಕಕ್ಕೋ ಕಂಡದ್ದನ್ನು ಕಂಡಂತೆ ಕಾಗದಕ್ಕಿಳಿಸುವುದು ಒಂದು ಬಗೆ. ಯಾರೂ ಕಾಲಿಡದ, ಯಾವ ಕ್ಯಾಮೆರಾವೂ ತಲುಪದ ನೆಲದ ಮೇಲೆ ನಿಂತರೆ ಏನು ಕಂಡೀತು ಎಂದು ಲೆಕ್ಕ ಹಾಕಿ ಬಿಡಿಸುವುದು ಇನ್ನೊಂದು. ಮೊದಲನೆಯದು ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ 1609ರಿಂದ 1880ರ ದಶಕದವರೆಗೂ ಖಗೋಳ ವಿಜ್ಞಾನಿಗಳ ದಿನನಿತ್ಯದ ಕೆಲಸವಾಗಿತ್ತು. ಎರಡನೆಯದು 19ನೇ ಶತಮಾನದ ಉತ್ತರಾರ್ಧದಲ್ಲಿ ಬೇರುಬಿಟ್ಟು 1940–50ರ ದಶಕಗಳಲ್ಲಿ ತುಂಬಿ ಬೆಳೆಯಿತು. ಆ ಚಿತ್ರಗಳು ಇಂದು ಹಳೆಯ ಕಾಲದ ಸೊಗಸಿನ ವಸ್ತುಗಳಾಗಿ ಮನೆಗೋಡೆಗಳ ಮೇಲೆ ತೂಗುತ್ತಿವೆ. ಬಿಡಿಸಿದ ಕಾಲದಲ್ಲಿ ಮಾತ್ರ ಅವು ಅಲಂಕಾರವಾಗಿರಲಿಲ್ಲ. ಚಂದ್ರನ ಬೆಟ್ಟ ಹೀಗಿದೆ, ಶನಿಯ ಉಂಗುರ ಅಲ್ಲಿಂದ ಹೀಗೆ ಕಾಣುತ್ತದೆ, ಮಂಗಳದ ಆಕಾಶದ ಬಣ್ಣ ಇದು ಎಂದು ಪ್ರತಿಯೊಂದು ಚಿತ್ರವೂ ಒಂದು ಹೇಳಿಕೆ ನೀಡುತ್ತಿತ್ತು. ಆ ಹೇಳಿಕೆಗಳನ್ನು ಮುಂದೆ ವ್ಯೋಮನೌಕೆಗಳು ಒಂದೊಂದಾಗಿ ಪರೀಕ್ಷಿಸಿದವು. ಅಳತೆಯಿಂದ ಬಂದ ಭಾಗಗಳು ಹೆಚ್ಚಾಗಿ ಉಳಿದವು. ಭೂಮಿಯ ಮೇಲಿನ ಅಭ್ಯಾಸದಿಂದ ತುಂಬಿದ ಭಾಗಗಳು ಹೆಚ್ಚಾಗಿ ಬಿದ್ದವು.

ತಾರಾಪಟಗಳು

ನಕ್ಷತ್ರಗಳ ಚಿತ್ರ ಬರೆಯುವ ಕೆಲಸ ದೂರದರ್ಶಕಕ್ಕಿಂತ ಬಹಳ ಹಳೆಯದು. ಪರ್ಷಿಯಾದ ಅಲ್-ಸೂಫಿ ಸುಮಾರು 964ರಲ್ಲಿ ಬರೆದ ಸ್ಥಿರ ನಕ್ಷತ್ರಗಳ ಗ್ರಂಥದಲ್ಲಿ ಪ್ರತಿ ನಕ್ಷತ್ರಪುಂಜಕ್ಕೂ ಎರಡೆರಡು ಚಿತ್ರಗಳಿವೆ. ಒಂದು, ನೆಲದಿಂದ ತಲೆಯೆತ್ತಿ ನೋಡಿದಾಗ ಕಾಣುವ ರೂಪ; ಇನ್ನೊಂದು, ಆಕಾಶಗೋಲವನ್ನು ಹೊರಗಿನಿಂದ ನೋಡಿದರೆ ಕಾಣುವ, ಎಡಬಲ ತಿರುಗಿದ ರೂಪ. 1603ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯೋಹಾನ್ ಬೇಯರ್ ಪ್ರಕಟಿಸಿದ ‘ಯುರಾನೊಮೆಟ್ರಿಯಾ’ದಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚುಹಾಕಿದ 51 ಪಟಗಳಿದ್ದವು. ಗೂಳಿ, ಬೇಟೆಗಾರ, ಸಿಂಹಗಳ ಮೈಯೊಳಗೆ ಚುಕ್ಕೆಗಳನ್ನು ಅವುಗಳ ಅಳೆದ ಸ್ಥಾನದಲ್ಲೇ ಕೂರಿಸಿ, ಒಂದೊಂದಕ್ಕೂ ಗ್ರೀಕ್ ಅಕ್ಷರ ಕೊಡುವ ಪದ್ಧತಿಯನ್ನು ಬೇಯರ್ ಆರಂಭಿಸಿದ. ರೋಹಿಣಿ ನಕ್ಷತ್ರಕ್ಕೆ ಇಂದಿಗೂ ಇರುವ ‘ಆಲ್ಫಾ ಟಾರಿ’ ಎಂಬ ಹೆಸರು ಆ ಪಟದಿಂದ ಬಂದದ್ದು.

ಈ ಪರಂಪರೆ 1801ರಲ್ಲಿ ಬರ್ಲಿನ್ನಿನ ಯೋಹಾನ್ ಬೋಡೆಯ ‘ಯುರಾನೊಗ್ರಾಫಿಯಾ’ದಲ್ಲಿ ತುತ್ತತುದಿ ಮುಟ್ಟಿತು. ಅದರಲ್ಲಿ 17 ಸಾವಿರಕ್ಕೂ ಹೆಚ್ಚು ನಕ್ಷತ್ರಗಳು, ನೂರಕ್ಕೂ ಹೆಚ್ಚು ಆಕೃತಿಗಳು ಇದ್ದವು. ಚುಕ್ಕೆಗಳ ಸಂಖ್ಯೆ ಏರಿದಷ್ಟೂ ಆಕೃತಿಗಳು ಕಣ್ಣಿಗೆ ಅಡ್ಡಬಂದವು. 1863ರಲ್ಲಿ ಬಾನ್ ನಗರದ ಆರ್ಗೆಲಾಂಡರ್ ಸುಮಾರು 3 ಲಕ್ಷ 24 ಸಾವಿರ ನಕ್ಷತ್ರಗಳ ಪಟಗಳನ್ನು ಪೂರ್ತಿಮಾಡಿದಾಗ ಅವುಗಳಲ್ಲಿ ಗೂಳಿಯೂ ಇರಲಿಲ್ಲ, ಬೇಟೆಗಾರನೂ ಇರಲಿಲ್ಲ, ಬರೀ ಚುಕ್ಕೆಗಳಿದ್ದವು.

ನೆರಳು ಓದಬಲ್ಲ ಕಣ್ಣು

ದೂರದರ್ಶಕದ ಮೂಲಕ ಚಂದ್ರನನ್ನು ನೋಡಿ ಚಿತ್ರ ಬರೆದವರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಗೆಲಿಲಿಯೊಗಿಂತ ಕೆಲವು ತಿಂಗಳು ಮುಂದಿದ್ದ. 1609ರ ಬೇಸಿಗೆಯಲ್ಲಿ ಅವನು ಬರೆದ ಚಿತ್ರದಲ್ಲಿ ಬೆಳಕು-ಕತ್ತಲಿನ ಗಡಿ ಅಂಕುಡೊಂಕಾಗಿದೆ, ಅಲ್ಲಲ್ಲಿ ಮಸಿ ಬಳಿದಂಥ ಗುರುತುಗಳಿವೆ. ಅವೆಲ್ಲ ಏನೆಂಬುದು ಆ ಚಿತ್ರದಿಂದ ತಿಳಿಯುವುದಿಲ್ಲ. ಅದೇ ವರ್ಷದ ಕೊನೆಯಲ್ಲಿ ಗೆಲಿಲಿಯೊ ನೀರಿನಲ್ಲಿ ಕದಡಿದ ಕಂದುಶಾಯಿಯಿಂದ ಬರೆದ ಚಂದ್ರನಲ್ಲಿ ಕುಳಿಗಳು ಕುಳಿಗಳಾಗಿ, ಬೆಟ್ಟಗಳು ಬೆಟ್ಟಗಳಾಗಿ ಎದ್ದು ಕಾಣುತ್ತವೆ. ಗೆಲಿಲಿಯೊಗೆ ಚಿತ್ರಕಲೆಯ ಅಭ್ಯಾಸವಿತ್ತು. ಉಬ್ಬು-ತಗ್ಗುಗಳ ಮೇಲೆ ಬೆಳಕು ಓರೆಯಾಗಿ ಬಿದ್ದರೆ ನೆರಳು ಯಾವ ಕಡೆ, ಎಷ್ಟು ಗಾಢವಾಗಿ ಬೀಳುತ್ತದೆಂಬುದನ್ನು ಇಟಲಿಯ ಚಿತ್ರಕಾರರು ಪಾಠವಾಗಿ ಕಲಿಯುತ್ತಿದ್ದ ಕಾಲವದು.

ಕತ್ತಲ ಭಾಗದೊಳಗೆ ಒಂಟಿಯಾಗಿ ಹೊಳೆಯುವ ಬಿಳಿ ಚುಕ್ಕೆಗಳನ್ನು ಗೆಲಿಲಿಯೊ ಬೆಳಗಿನ ಬಿಸಿಲು ಮೊದಲು ತಾಕಿದ ಶಿಖರಗಳೆಂದು ಗುರುತಿಸಿದ. ಅಷ್ಟಕ್ಕೇ ನಿಲ್ಲದೆ ಅವುಗಳ ಎತ್ತರವನ್ನೂ ಲೆಕ್ಕ ಹಾಕಿದ. ಚಂದ್ರನ ವ್ಯಾಸ ಸುಮಾರು 2000 ಇಟಾಲಿಯನ್ ಮೈಲಿ ಎಂದು ಅವನು ಹಿಡಿದಿದ್ದ. ಬೆಳಕಿನ ಗಡಿಯಿಂದ ಕೆಲವು ಚುಕ್ಕೆಗಳು ವ್ಯಾಸದ ಇಪ್ಪತ್ತನೇ ಒಂದು ಭಾಗದಷ್ಟು, ಅಂದರೆ 100 ಮೈಲಿ, ದೂರದಲ್ಲಿದ್ದವು. ಗಡಿಯ ಬಳಿ ಬಿಸಿಲು ನೆಲವನ್ನು ಸವರಿಕೊಂಡು ಸಾಗುವುದರಿಂದ ಅಲ್ಲೊಂದು ಲಂಬಕೋನ ತ್ರಿಕೋನ ಸಿಗುತ್ತದೆ. ಅದರ ಒಂದು ಬಾಹು ಚಂದ್ರನ ತ್ರಿಜ್ಯವಾದ 1000 ಮೈಲಿ, ಇನ್ನೊಂದು 100 ಮೈಲಿ. ಅದರ ಕರ್ಣ 1004 ಮೈಲಿಗಿಂತ ಹೆಚ್ಚು. ಹಾಗಾದರೆ ಶಿಖರದ ಎತ್ತರ 4 ಮೈಲಿಗೂ ಮಿಗಿಲು. ಚಂದ್ರನ ಹಿರಿಯ ಬೆಟ್ಟಗಳು ಐದಾರು ಕಿಲೋಮೀಟರ್ ಎತ್ತರವಿವೆ ಎಂದು ಇಂದು ಗೊತ್ತಿರುವಾಗ, ಗೆಲಿಲಿಯೊನ ಉತ್ತರ ಗುರಿಯಿಂದ ದೂರ ಹೋಗಿರಲಿಲ್ಲ ಎನ್ನಬೇಕು. ಒಂದು ಚಿತ್ರ, ಒಂದು ತ್ರಿಕೋನ, ಒಂದು ಅಳತೆ: ಮುಂದಿನ ನಾಲ್ಕು ಶತಮಾನಗಳ ಖಗೋಳ ಚಿತ್ರಕಲೆಯ ದಾರಿ 1610ರ ಮಾರ್ಚ್‌ನಲ್ಲಿ ವೆನಿಸ್‌ನಲ್ಲಿ ಅಚ್ಚಾದ ‘ಸಿಡೆರಿಯಸ್ ನುನ್ಸಿಯಸ್’ ಪುಸ್ತಕದಲ್ಲಿ ಹೀಗೆ ತೆರೆದುಕೊಂಡಿತು.

ಈ ದಾರಿಯಲ್ಲಿ ನಡೆದವರು ಹಲವರು. ನ್ಯೂರೆಂಬರ್ಗ್‌ನ ಮರಿಯಾ ಕ್ಲಾರಾ ಐಮ್ಮಾರ್ಟ್ 1690ರ ದಶಕದಲ್ಲಿ ನೀಲಿ ಕಾಗದದ ಮೇಲೆ ಬಣ್ಣದ ಕಡ್ಡಿಗಳಿಂದ ಚಂದ್ರಕಲೆಗಳ 350ಕ್ಕೂ ಹೆಚ್ಚು ಚಿತ್ರಗಳನ್ನು ಬಿಡಿಸಿದಳು. ಬೊಲೋನ್ಯಾದ ಡೊನಾಟೊ ಕ್ರೆಟಿ 1711ರಲ್ಲಿ ಪೋಪ್ ಹನ್ನೊಂದನೇ ಕ್ಲೆಮೆಂಟ್‌ನಿಗಾಗಿ ಎಂಟು ಚಿತ್ರಗಳನ್ನು ಬರೆದ. ಅವುಗಳಲ್ಲಿ ರಾತ್ರಿಯ ಬಯಲಿನಲ್ಲಿ ದೂರದರ್ಶಕ ಹಿಡಿದ ಪುಟ್ಟ ಮನುಷ್ಯರಿದ್ದಾರೆ. ಅವರ ಮೇಲೆ ಗುರು, ಶನಿ, ಚಂದ್ರರು ದೂರದರ್ಶಕದಲ್ಲಿ ಕಾಣುವಷ್ಟೇ ದೊಡ್ಡದಾಗಿ ತೇಲುತ್ತಿದ್ದಾರೆ. ಈ ಚಿತ್ರಗಳು ಈಗ ವ್ಯಾಟಿಕನ್ನಿನಲ್ಲಿವೆ.

ಟ್ರೂವೆಲೊನ ಚೌಕಗಳು

ಕಂಡದ್ದನ್ನು ಕಂಡಂತೆ ಬರೆಯುವ ಕಲೆ ತನ್ನ ಉತ್ತುಂಗ ತಲುಪಿದ್ದು ಎತಿಯೆನ್ ಲಿಯೊಪೋಲ್ಡ್ ಟ್ರೂವೆಲೊನ ಕೈಯಲ್ಲಿ. 1827ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಟ್ರೂವೆಲೊ, ಲೂಯಿ ನೆಪೋಲಿಯನ್ ಅಧಿಕಾರ ಕಸಿದುಕೊಂಡ ಮೇಲೆ ದೇಶ ಬಿಟ್ಟು ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿ ನೆಲೆಸಿದ. ಮೊದಲಿನ ಹವ್ಯಾಸ ಕೀಟಗಳದ್ದು. ರೇಷ್ಮೆ ನೂಲುವ ಹುಳುಗಳ ಪ್ರಯೋಗಕ್ಕೆಂದು ಯುರೋಪಿನಿಂದ ತರಿಸಿದ ಜಿಪ್ಸಿ ಪತಂಗಗಳು 1860ರ ದಶಕದ ಕೊನೆಯಲ್ಲಿ ಅವನ ಹಿತ್ತಿಲಿನಿಂದ ತಪ್ಪಿಸಿಕೊಂಡವು. ಅಮೆರಿಕದ ಕಾಡುಗಳ ಎಲೆ ಬೋಳಿಸುವ ಪಿಡುಗಾಗಿ ಅವು ಇಂದಿಗೂ ಉಳಿದಿವೆ. ಆನಂತರ ಟ್ರೂವೆಲೊ ಆಕಾಶದ ಕಡೆ ತಿರುಗಿದ. ಅವನ ಚಿತ್ರಗಳನ್ನು ಕಂಡ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಜೋಸೆಫ್ ವಿನ್‌ಲಾಕ್ 1872ರಲ್ಲಿ ಅವನನ್ನು ಕರೆಸಿಕೊಂಡು 15 ಇಂಚಿನ ದೂರದರ್ಶಕವನ್ನು ಒಪ್ಪಿಸಿದ. 1875ರಲ್ಲಿ ವಾಷಿಂಗ್ಟನ್ನಿನ ನೌಕಾ ವೀಕ್ಷಣಾಲಯದ 26 ಇಂಚಿನ ದೂರದರ್ಶಕವೂ ಅವನಿಗೆ ಸಿಕ್ಕಿತು.

ಟ್ರೂವೆಲೊನ ವಿಧಾನ ಸರಳ, ಕಟ್ಟುನಿಟ್ಟು. ಕಣ್ಣಿಡುವ ಮಸೂರದ ಬಳಿ ಸಣ್ಣ ಸಣ್ಣ ಚೌಕಗಳನ್ನು ಕೊರೆದ ಗಾಜು. ಎದುರಿಗಿನ ಕಾಗದದ ಮೇಲೂ ಅಷ್ಟೇ ಚೌಕಗಳು. ಯಾವ ಚೌಕದಲ್ಲಿ ಏನು ಕಂಡಿತೋ ಅದು ಕಾಗದದ ಅದೇ ಚೌಕಕ್ಕೆ ಇಳಿಯಬೇಕು. ಊರಿನ ಸಿನಿಮಾ ಬ್ಯಾನರ್ ಬರೆಯುವವರು ಚಿಕ್ಕ ಫೋಟೊವನ್ನು ದೊಡ್ಡ ಹಲಗೆಗೆ ಏರಿಸಲು ಬಳಸುತ್ತಿದ್ದ ಉಪಾಯವೂ ಇದೇ. ವ್ಯತ್ಯಾಸವೆಂದರೆ ಟ್ರೂವೆಲೊನ ಮುಂದಿದ್ದ ಬಿಂಬ ಒಂದೆಡೆ ನಿಲ್ಲುತ್ತಿರಲಿಲ್ಲ. ಭೂಮಿಯ ವಾಯುಮಂಡಲ ಅಲುಗಾಡುತ್ತಿದ್ದಂತೆ ಗ್ರಹದ ಬಿಂಬ ಕಾದ ಹೆಂಚಿನ ಮೇಲಿನ ಗಾಳಿಯಂತೆ ನಡುಗುತ್ತದೆ. ನಡುನಡುವೆ ಒಂದೆರಡು ಕ್ಷಣ ಗಾಳಿ ತಿಳಿಯಾದಾಗ ಸೂಕ್ಷ್ಮ ವಿವರಗಳು ಮಿಂಚಿ ಮರೆಯಾಗುತ್ತವೆ. ಆ ಕಾಲದ ಫೋಟೊ ಫಲಕಗಳಿಗೆ ದೀರ್ಘ ಹೊತ್ತು ಬೆಳಕು ಬೇಕಿದ್ದುದರಿಂದ ನಡುಕವೆಲ್ಲ ಕಲಸಿ ಮಸುಕಾದ ಬಿಂಬವೇ ಬೀಳುತ್ತಿತ್ತು. ಪಳಗಿದ ಕಣ್ಣು ಮಾತ್ರ ತಿಳಿಗಾಳಿಯ ಕ್ಷಣಕ್ಕಾಗಿ ಕಾದು, ಅದೊಂದನ್ನೇ ನೆನಪಿಟ್ಟು, ಕೈಗೆ ಕೊಡಬಲ್ಲುದಾಗಿತ್ತು.

ಹೀಗೆ ಬರೆದ ಸಾವಿರಾರು ಚಿತ್ರಗಳಿಂದ 15ನ್ನು ಆರಿಸಿ ನ್ಯೂಯಾರ್ಕ್‌ನ ಸ್ಕ್ರಿಬ್ನರ್ ಪ್ರಕಾಶನ 1881–82ರಲ್ಲಿ ಬಣ್ಣದ ಕಲ್ಲಚ್ಚಿನಲ್ಲಿ ಮುದ್ರಿಸಿತು. ಕಲ್ಲಚ್ಚಿನಲ್ಲಿ ಸುಣ್ಣಕಲ್ಲಿನ ನಯವಾದ ಹಲಗೆಯ ಮೇಲೆ ಎಣ್ಣೆಮಸಿಯಿಂದ ಬರೆಯುತ್ತಾರೆ. ಕಲ್ಲು ಒದ್ದೆ ಮಾಡಿದರೆ ಬರೆಯದ ಜಾಗ ನೀರು ಹಿಡಿಯುತ್ತದೆ, ಬರೆದ ಜಾಗ ಮಾತ್ರ ಶಾಯಿ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದೇ ಹಾಳೆ ಕಲ್ಲಿನಿಂದ ಕಲ್ಲಿಗೆ ಕೂದಲೆಳೆಯಷ್ಟೂ ಸರಿಯದೆ ಹೊಂದಿಕೊಳ್ಳಬೇಕು. 125 ಡಾಲರ್ ಬೆಲೆಯ ಆ ಸಂಪುಟದಲ್ಲಿ 1874ರ ಶನಿ, 1877ರ ಮಂಗಳ, 1880ರ ಗುರು, 1881ರ ಧೂಮಕೇತು, ಸೌರಕಲೆಗಳು, ಧ್ರುವಪ್ರಭೆ, ವಯೋಮಿಂಗ್‌ನ ಕ್ರೆಸ್ಟನ್‌ನಲ್ಲಿ 1878ರ ಜುಲೈ 29ರಂದು ಕಂಡ ಪೂರ್ಣ ಸೂರ್ಯಗ್ರಹಣ ಎಲ್ಲವೂ ಇದ್ದವು. ಶನಿಯ ಚಿತ್ರದಲ್ಲಿ ಗ್ರಹದ ನೆರಳು ಉಂಗುರಗಳ ಮೇಲೆ ಬಿದ್ದಿರುವ ಜಾಗವನ್ನು ಗಮನಿಸಬೇಕು. ಒಳಗಿನ ತೆಳು ಉಂಗುರದ ಮೂಲಕ ಗ್ರಹದ ಅಂಚು ಮಸುಕಾಗಿ ಕಾಣುವುದನ್ನೂ ಟ್ರೂವೆಲೊ ಬಿಟ್ಟಿಲ್ಲ.

ಆ ಸಂಪುಟ ಹೊರಬರುವ ವೇಳೆಗೆ ಫೋಟೊ ಮೇಲುಗೈ ಪಡೆಯತೊಡಗಿತ್ತು. 1880ರ ಸೆಪ್ಟೆಂಬರ್‌ನಲ್ಲಿ ಹೆನ್ರಿ ಡ್ರೇಪರ್ ಮಹಾವ್ಯಾಧ ನೀಹಾರಿಕೆಯ ಮೊದಲ ಫೋಟೊ ತೆಗೆದ. 1883ರಲ್ಲಿ ಆಂಡ್ರ್ಯೂ ಕಾಮನ್ ತೆಗೆದ ಫೋಟೊದಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಮೂಡಿದ್ದವು. ಮಸುಕಾದ ಬೆಳಕನ್ನು ಗಂಟೆಗಟ್ಟಲೆ ಕೂಡಿಡುವ ಶಕ್ತಿ ಕಣ್ಣಿಗಿಲ್ಲ, ಫಲಕಕ್ಕಿದೆ. ನೀಹಾರಿಕೆಗಳ ಚಿತ್ರ ಬರೆಯುವ ಕೆಲಸ ಹೀಗೆ ಕುಂಚದಿಂದ ಕ್ಯಾಮೆರಾಕ್ಕೆ ದಾಟಿತು. ಫೋಟೊ ತಲುಪದ ಜಾಗವೆಂದರೆ ಗ್ರಹಗಳ ನೆಲ. ಚಿತ್ರಕಾರರು ಅಲ್ಲಿಗೆ ಹೊರಟರು.

ಪ್ಲಾಸ್ಟರ್ ಚಂದ್ರ

ಆ ದಾರಿಯನ್ನು ಆಗಲೇ ತೋರಿಸಿಕೊಟ್ಟಿದ್ದವನು ಸ್ಕಾಟ್ಲೆಂಡಿನ ಎಂಜಿನಿಯರ್, ಉಗಿ ಸುತ್ತಿಗೆಯನ್ನು ರೂಪಿಸಿದ ಜೇಮ್ಸ್ ನ್ಯಾಸ್ಮಿತ್. ಗ್ರೀನಿಚ್ ವೀಕ್ಷಣಾಲಯದ ಜೇಮ್ಸ್ ಕಾರ್ಪೆಂಟರ್ ಜೊತೆ ಸೇರಿ ನ್ಯಾಸ್ಮಿತ್ 1874ರಲ್ಲಿ ‘ದಿ ಮೂನ್’ ಎಂಬ ಪುಸ್ತಕ ಪ್ರಕಟಿಸಿದ. ಹಲವು ವರ್ಷ ಚಂದ್ರನನ್ನು ನೋಡಿ ಬರೆದ ಚಿತ್ರಗಳ ಆಧಾರದ ಮೇಲೆ ಪ್ಲಾಸ್ಟರಿನಲ್ಲಿ ಕುಳಿ, ಬೆಟ್ಟಗಳ ಮಾದರಿಗಳನ್ನು ಮಾಡಿ, ಅವನ್ನು ಓರೆಬಿಸಿಲಿನಲ್ಲಿಟ್ಟು ತೆಗೆದ ಫೋಟೊಗಳು ಅದರಲ್ಲಿದ್ದವು. ಚಂದ್ರನನ್ನೇ ನೇರವಾಗಿ ತೆಗೆದ ಅಂದಿನ ಯಾವ ಫೋಟೊದಲ್ಲೂ ಅಷ್ಟು ವಿವರವಿರಲಿಲ್ಲ. ಚಂದ್ರನ ಒಡಲು ತಣ್ಣಗಾಗಿ ಕುಗ್ಗಿದ್ದರಿಂದ ಬೆಟ್ಟಸಾಲುಗಳು ಎದ್ದವು ಎಂಬುದು ನ್ಯಾಸ್ಮಿತ್‌ನ ವಾದ. ಅದನ್ನು ಮನಗಾಣಿಸಲು ವಯಸ್ಸಾದ ಕೈಯ ಹಿಂಬದಿಯ ಸುಕ್ಕು ಚರ್ಮದ ಫೋಟೊವನ್ನೂ ಒಣಗಿ ಮುದುಡಿದ ಸೇಬಿನ ಫೋಟೊವನ್ನೂ ಪುಸ್ತಕದಲ್ಲಿ ಹಾಕಿದ. ಕುಳಿಗಳು ಜ್ವಾಲಾಮುಖಿಗಳ ಬಾಯಿಗಳೆಂದೂ ಅವನು ನಂಬಿದ್ದ. ಎರಡೂ ವಾದಗಳು ನಿಲ್ಲಲಿಲ್ಲ. ಚಂದ್ರನ ಬಹುಪಾಲು ಕುಳಿಗಳು ಉಲ್ಕೆ, ಕ್ಷುದ್ರಗ್ರಹಗಳ ಹೊಡೆತದಿಂದ ಆದವು. ದೊಡ್ಡ ಬೆಟ್ಟಸಾಲುಗಳು ಅಂಥ ಮಹಾಹೊಡೆತಗಳು ಎಬ್ಬಿಸಿದ ಅಂಚುಗಳು.

ಅದೇ ಪುಸ್ತಕದ ಇನ್ನೊಂದು ಚಿತ್ರ ಮಾತ್ರ ಪರೀಕ್ಷೆಯಲ್ಲಿ ಗೆದ್ದಿತು. ಭೂಮಿಯ ಮೇಲೆ ಚಂದ್ರಗ್ರಹಣವಾಗುವ ಹೊತ್ತಿಗೆ ಚಂದ್ರನ ಮೇಲೆ ನಿಂತವರಿಗೆ ಏನು ಕಾಣಬೇಕು? ಭೂಮಿ ಸೂರ್ಯನಿಗೆ ಅಡ್ಡ ಬರುತ್ತದೆ. ಅಲ್ಲಿಂದ ಭೂಮಿಯ ಬಿಲ್ಲೆ ಸೂರ್ಯನ ಸುಮಾರು ಮೂರೂವರೆ ಪಟ್ಟು ಅಗಲ. ಸೂರ್ಯ ಪೂರ್ತಿ ಮುಚ್ಚಿಹೋಗುತ್ತಾನೆ. ಆದರೂ ಭೂಮಿಯ ವಾಯುಮಂಡಲ ಬಿಸಿಲನ್ನು ಬಾಗಿಸುವುದರಿಂದ ಕಪ್ಪು ಬಿಲ್ಲೆಯ ಸುತ್ತ ಕೆಂಪು ಉಂಗುರವೊಂದು ಹೊಳೆಯಬೇಕು. ಗ್ರಹಣದ ವೇಳೆ ಚಂದ್ರ ತಾಮ್ರದ ಬಣ್ಣಕ್ಕೆ ತಿರುಗುವುದಕ್ಕೆ ಆ ಬೆಳಕೇ ಕಾರಣ. ಇಷ್ಟು ತರ್ಕದ ಮೇಲೆ ಬರೆದ ಚಿತ್ರ ಅದು. 93 ವರ್ಷಗಳ ನಂತರ, 1967ರ ಏಪ್ರಿಲ್ 24ರಂದು, ಚಂದ್ರನ ಮೇಲಿಳಿದಿದ್ದ ಸರ್ವೇಯರ್-3 ನೌಕೆ ಇಂಥದೇ ಗ್ರಹಣದ ಚಿತ್ರ ಕಳಿಸಿತು. ಉಂಗುರ ಇತ್ತು. ಭೂಮಿಯ ಅಂಚಿನ ಮೋಡಗಳು ಅಲ್ಲಲ್ಲಿ ಬೆಳಕನ್ನು ತಡೆದಿದ್ದರಿಂದ ಅದು ಪೋಣಿಸಿದ ಮಣಿಗಳಂತೆ ತುಂಡುತುಂಡಾಗಿತ್ತು, ಅಷ್ಟೇ.

ಗೆರೆ ಕಾಣುವ ಕಣ್ಣು

ಪಳಗಿದ ಕಣ್ಣೂ ತಪ್ಪುತ್ತದೆ ಎಂಬುದಕ್ಕೆ ಮಂಗಳದ ಕತೆ ದೊಡ್ಡ ಸಾಕ್ಷಿ. 1877ರಲ್ಲಿ ಮಂಗಳ ಭೂಮಿಗೆ ಸಮೀಪ ಬಂದಾಗ ಮಿಲಾನಿನ ಜೊವಾನಿ ಶಿಯಾಪರೆಲ್ಲಿ ಅದರ ಮೇಲೆ ನೇರವಾದ ಗೆರೆಗಳನ್ನು ಗುರುತಿಸಿ, ಇಟಾಲಿಯನ್ ಭಾಷೆಯಲ್ಲಿ ‘ಕನಾಲಿ’ ಎಂದು ಕರೆದ. ತೋಡು, ಕಾಲುವೆ ಎರಡಕ್ಕೂ ಸಲ್ಲುವ ಆ ಪದ ಇಂಗ್ಲಿಷಿಗೆ ಹೋದಾಗ ತೋಡಿಸಿದ ಕಾಲುವೆಯಾಯಿತು. ಅಮೆರಿಕದ ಶ್ರೀಮಂತ ಪರ್ಸಿವಲ್ ಲೊವೆಲ್ 1894ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ವೀಕ್ಷಣಾಲಯ ಕಟ್ಟಿಸಿ, ಆ ಗೆರೆಗಳ ಬಲೆಯನ್ನೇ ಬರೆದು, ಒಣಗುತ್ತಿರುವ ಗ್ರಹದ ಬುದ್ಧಿವಂತ ಜೀವಿಗಳು ಧ್ರುವದ ಹಿಮದಿಂದ ನೀರು ಹರಿಸಿಕೊಳ್ಳುವ ವ್ಯವಸ್ಥೆ ಅದೆಂದು ವಾದಿಸಿದ.

1909ರಲ್ಲಿ ಯೂಜಿನ್ ಆಂಟೊನಿಯಾಡಿ ಪ್ಯಾರಿಸ್ ಬಳಿಯ ಮ್ಯೂಡಾನ್‌ನಲ್ಲಿ 83 ಸೆಂಟಿಮೀಟರ್ ದೂರದರ್ಶಕದಿಂದ ಮಂಗಳವನ್ನು ನೋಡಿದಾಗ, ಗಾಳಿ ತಿಳಿಯಾಗಿದ್ದ ಹೊತ್ತಿನಲ್ಲಿ ಗೆರೆಗಳು ಕರಗಿ ಲೆಕ್ಕವಿಲ್ಲದಷ್ಟು ಸಣ್ಣ ಕಲೆಗಳಾದವು. ಕಾಣುವ ಮಿತಿಯ ಅಂಚಿನಲ್ಲಿ ಬಿಡಿ ಚುಕ್ಕೆಗಳು ಸಾಲಾಗಿದ್ದರೆ ಮಿದುಳು ಅವನ್ನು ಗೆರೆಯಾಗಿ ಜೋಡಿಸಿಬಿಡುತ್ತದೆ. ಶಿಯಾಪರೆಲ್ಲಿಯಾಗಲಿ ಲೊವೆಲ್ ಆಗಲಿ ಸುಳ್ಳು ಬರೆಯಲಿಲ್ಲ. ತಮ್ಮ ಮಿದುಳು ಜೋಡಿಸಿ ಕೊಟ್ಟದ್ದನ್ನು ಬರೆದರು.

ರುಡೊ: ಅಂಚನ್ನು ನೋಡಿದವನು

ಚಂದ್ರನ ಬೆಟ್ಟಗಳ ವಿಷಯದಲ್ಲಿ ಇಂಥದೇ ತಪ್ಪು ಒಂದು ಶತಮಾನ ನಡೆಯಿತು. ನ್ಯಾಸ್ಮಿತ್‌ನ ಕಾಲ್ಪನಿಕ ಚಂದ್ರದೃಶ್ಯದಲ್ಲಿ ಶಿಖರಗಳು ಈಟಿಗಳಂತೆ ಚೂಪು. ಆನಂತರದ ಬಹುತೇಕ ಚಿತ್ರಗಳಲ್ಲೂ ಹಾಗೆಯೇ. ಅದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ನೆರಳು. ಬಿಸಿಲು ದಿಗಂತದಿಂದ 5 ಡಿಗ್ರಿ ಮಾತ್ರ ಮೇಲಿದ್ದರೆ ಯಾವುದೇ ವಸ್ತುವಿನ ನೆರಳು ಅದರ ಎತ್ತರದ 11 ಪಟ್ಟು ಉದ್ದ ಚಾಚುತ್ತದೆ. ಸಾವಿರ ಮೀಟರ್ ಎತ್ತರದ ದುಂಡು ಗುಡ್ಡವೂ 11 ಕಿಲೋಮೀಟರ್ ಉದ್ದದ ಚೂಪು ನೆರಳು ಬೀಳಿಸುತ್ತದೆ. ನೆರಳನ್ನು ನೋಡಿದ ಕಣ್ಣು ಬೆಟ್ಟವೂ ಚೂಪೆಂದು ತಿಳಿಯುತ್ತದೆ. ಎರಡನೆಯದು ತರ್ಕ. ಭೂಮಿಯ ಬೆಟ್ಟಗಳನ್ನು ಸವೆಸುವುದು ಗಾಳಿ, ಮಳೆ. ಚಂದ್ರನಲ್ಲಿ ಅವೆರಡೂ ಇಲ್ಲ. ಆದ್ದರಿಂದ ಅಲ್ಲಿನ ಬೆಟ್ಟಗಳು ಸವೆದಿರಲಾರವು ಎಂಬ ಎಣಿಕೆ.

ಫ್ರಾನ್ಸಿನ ಲೂಸಿಯೆನ್ ರುಡೊ ಈ ಎರಡೂ ಬಲೆಗಳಿಗೆ ಬೀಳಲಿಲ್ಲ. ರುಡೊ ನಾರ್ಮಂಡಿಯ ಕಡಲತೀರದ ಡಾನ್‌ವಿಲ್‌ನಲ್ಲಿ ತನ್ನದೇ ವೀಕ್ಷಣಾಲಯ ಇಟ್ಟುಕೊಂಡಿದ್ದ ಖಗೋಳ ವೀಕ್ಷಕ, ಚಿತ್ರಕಾರನೂ ಹೌದು. ಅವನು ನೋಡಿದ್ದು ಚಂದ್ರನ ಅಂಚನ್ನು. ಬಿಲ್ಲೆಯ ನಡುವಿನ ಬೆಟ್ಟಗಳು ನಮಗೆ ಮೇಲಿನಿಂದ ಕಾಣುತ್ತವೆ. ಅಲ್ಲಿ ನೆರಳನ್ನು ಓದಿಯೇ ಆಕಾರ ಊಹಿಸಬೇಕು. ಅಂಚಿನ ಬೆಟ್ಟಗಳಾದರೋ ಕಪ್ಪು ಆಕಾಶದ ಎದುರು ಪಕ್ಕದಿಂದ ಕಾಣುತ್ತವೆ, ನೆರಳಿನ ಮಧ್ಯಸ್ಥಿಕೆಯಿಲ್ಲದೆ. ಆ ಅಂಚು ಎಲ್ಲೂ ಗರಗಸದಂತಿಲ್ಲ; ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. 1937ರಲ್ಲಿ ಲರೂಸ್ ಪ್ರಕಟಿಸಿದ ‘ಸುರ್ ಲೆ ಜೋತ್ರ್ ಮೋಂದ್’ ಪುಸ್ತಕದ ಚಿತ್ರಗಳಲ್ಲಿ ರುಡೊ ಚಂದ್ರನ ಗುಡ್ಡಗಳನ್ನು ದುಂಡಗೆ, ಇಳಿಜಾರಾಗಿ ಬರೆದ. ನೋಡಲು ಅವು ಅಷ್ಟೇನೂ ರೋಮಾಂಚಕವಾಗಿರಲಿಲ್ಲ. ಮೂರು ದಶಕಗಳ ನಂತರ ಗಗನಯಾತ್ರಿಗಳು ಕಂಡ ಚಂದ್ರ ಅದೇ.

ಬೋನ್‌ಸ್ಟೆಲ್ಲನ ಶನಿ

ಹೆಚ್ಚು ಜನರ ಮನಸ್ಸಿನಲ್ಲಿ ನಾಟಿದ್ದು ಚೆಸ್ಲಿ ಬೋನ್‌ಸ್ಟೆಲ್‌ನ ಚಿತ್ರಗಳು. 1888ರ ಜನವರಿ 1ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಬೋನ್‌ಸ್ಟೆಲ್ 1905ರಲ್ಲಿ ಲಿಕ್ ವೀಕ್ಷಣಾಲಯಕ್ಕೆ ಹೋಗಿ ದೂರದರ್ಶಕದಲ್ಲಿ ಶನಿಯನ್ನು ಕಂಡ. ಮನೆಗೆ ಬಂದವನೇ ಅದರ ಚಿತ್ರ ಬರೆದ. ಮರುವರ್ಷದ ಭೂಕಂಪದ ಬೆನ್ನಿಗೆ ಎದ್ದ ಬೆಂಕಿಯಲ್ಲಿ ಆ ಚಿತ್ರ ನಾಶವಾಯಿತು. ವಾಸ್ತುಶಿಲ್ಪ ಕಲಿತು ನ್ಯೂಯಾರ್ಕ್‌ನ ಕ್ರೈಸ್ಲರ್ ಕಟ್ಟಡದ ವಿನ್ಯಾಸದಲ್ಲಿ ಕೈಜೋಡಿಸಿದ. ಗೋಲ್ಡನ್ ಗೇಟ್ ಸೇತುವೆ ಕಟ್ಟುವ ಮೊದಲೇ ಅದು ಹೇಗೆ ಕಾಣುತ್ತದೆಂದು ಜನರಿಗೆ ಚಿತ್ರ ಬರೆದು ತೋರಿಸಿದ. 1938ರಿಂದ ಹಾಲಿವುಡ್‌ನಲ್ಲಿ ಸಿನಿಮಾಗಳಿಗೆ ಹಿನ್ನೆಲೆ ದೃಶ್ಯಗಳನ್ನು ಬರೆಯುವ ಕೆಲಸ. ‘ಸಿಟಿಜನ್ ಕೇನ್’ ಅವುಗಳಲ್ಲೊಂದು. ಇಲ್ಲದ ಕಟ್ಟಡವನ್ನು ಅಳತೆಯಿಂದ ಬರೆಯುವುದು, ಕ್ಯಾಮೆರಾ ಎಲ್ಲಿದೆ, ಅದರ ಕೋನವೆಷ್ಟು ಎಂದು ಲೆಕ್ಕ ಇಡುವುದು: ಆ ಎರಡು ಕಸುಬುಗಳಿಂದ ಕಲಿತದ್ದನ್ನು ಬೋನ್‌ಸ್ಟೆಲ್ ಶನಿಗ್ರಹಕ್ಕೆ ಹಚ್ಚಿದ.

1944ರ ಮೇ 29ರ ‘ಲೈಫ್’ ಪತ್ರಿಕೆಯಲ್ಲಿ ಶನಿಯ ಬೇರೆ ಬೇರೆ ಉಪಗ್ರಹಗಳಿಂದ ಶನಿ ಹೇಗೆ ಕಾಣುತ್ತದೆಂಬ ಚಿತ್ರಮಾಲೆ ಅಚ್ಚಾಯಿತು. ಲೆಕ್ಕ ಹೀಗಿದೆ. ಶನಿಯ ವ್ಯಾಸ ಸುಮಾರು 1 ಲಕ್ಷ 20 ಸಾವಿರ ಕಿಲೋಮೀಟರ್. ಟೈಟನ್ ಇರುವುದು ಸುಮಾರು 12 ಲಕ್ಷ ಕಿಲೋಮೀಟರ್ ದೂರದಲ್ಲಿ. ಹತ್ತು ಮೊಳ ದೂರದಲ್ಲಿಟ್ಟ ಒಂದು ಮೊಳದ ತಟ್ಟೆಯಂತೆ, ಶನಿ ಅಲ್ಲಿಂದ ಆಕಾಶದಲ್ಲಿ ಹೆಚ್ಚುಕಡಿಮೆ 5.7 ಡಿಗ್ರಿ ಹರಡಿಕೊಂಡಿರುತ್ತದೆ. ನಮ್ಮ ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ. ಶನಿ ಅದರ 11 ಪಟ್ಟು ಅಗಲ. ಚಾಚಿದ ಕೈಯ ನಡುವಿನ ಮೂರು ಬೆರಳುಗಳನ್ನು ಜೋಡಿಸಿ ಹಿಡಿದರೆ ಸುಮಾರು ಅಷ್ಟೇ ಜಾಗ ಮುಚ್ಚುತ್ತದೆ. ಚಿತ್ರದ ಅಗಲ 40 ಡಿಗ್ರಿ ನೋಟವನ್ನು ಹಿಡಿಯಬೇಕೆಂದರೆ ಶನಿಗೆ ಅದರ ಏಳನೇ ಒಂದು ಭಾಗ ಸಲ್ಲಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಳಗಿನ ಮಿಮಾಸ್‌ನಿಂದ ಅದೇ ಶನಿ 38 ಡಿಗ್ರಿ, ಅಂದರೆ ಚಾಚಿದ ಕೈಯ ನಾಲ್ಕು ಮುಷ್ಟಿಗಳಷ್ಟು ಅಗಲ. ದೂರದ ಫೀಬಿಯಿಂದ ನಮ್ಮ ಹುಣ್ಣಿಮೆ ಚಂದ್ರನಷ್ಟೇ. ಟೈಟನ್, ಮಿಮಾಸ್‌ಗಳು ಬಹುಮಟ್ಟಿಗೆ ಉಂಗುರಗಳ ಸಮತಲದಲ್ಲೇ ಸುತ್ತುವುದರಿಂದ ಅಲ್ಲಿಂದ ಉಂಗುರಗಳು ಬಿಚ್ಚಿಕೊಂಡು ಕಾಣುವುದಿಲ್ಲ, ತಟ್ಟೆಯನ್ನು ಅಂಚಿನಿಂದ ನೋಡಿದಂತೆ ಒಂದು ಗೆರೆಯಾಗುತ್ತವೆ. ಕಕ್ಷೆ ವಾಲಿರುವ ಐಯಾಪಿಟಸ್‌ನಂಥ ಉಪಗ್ರಹಗಳಿಂದ ಮಾತ್ರ ಉಂಗುರಗಳ ಮೈ ಕಾಣುತ್ತದೆ. ಪುಸ್ತಕಗಳಲ್ಲಿ ಅಂಕಿಗಳಾಗಿ ಬಿದ್ದಿದ್ದ ಈ ಸಂಗತಿಗಳು ಬೋನ್‌ಸ್ಟೆಲ್‌ನ ಕುಂಚದಲ್ಲಿ ಕ್ಯಾಮೆರಾ ಹಿಡಿದು ಹೋದ ಪ್ರವಾಸಿ ತಂದ ಫೋಟೊಗಳಂತಾದವು.

ಮಾಲೆಯಲ್ಲಿ ಹೆಸರಾದದ್ದು ಟೈಟನ್ನಿನ ಚಿತ್ರ: ಹಿಮ ಹೊದ್ದ ಕಡಿದಾದ ಬಂಡೆಗಳ ನಡುವೆ, ಗಾಢ ನೀಲಿ ಆಕಾಶದಲ್ಲಿ ಬಿದಿಗೆಯ ಚಂದ್ರನಂತೆ ನಿಂತ ಶನಿ. ನೀಲಿ ಬಣ್ಣಕ್ಕೂ ಆಧಾರವಿತ್ತು. ಟೈಟನ್ನಿಗೆ ವಾಯುಮಂಡಲವಿದೆ, ಅದರಲ್ಲಿ ಮೀಥೇನ್ ಇದೆ ಎಂದು ಜೆರಾರ್ಡ್ ಕೈಪರ್ ಆ ಹೊತ್ತಿಗಷ್ಟೇ ಕಂಡುಕೊಂಡಿದ್ದ. ವಾಯುಮಂಡಲವಿದ್ದರೆ ಆಕಾಶ ಕಪ್ಪಾಗಿರುವುದಿಲ್ಲ. 1949ರಲ್ಲಿ ವಿಲಿ ಲೇ ಬರಹದೊಂದಿಗೆ ಬಂದ ‘ದಿ ಕಾಂಕ್ವೆಸ್ಟ್ ಆಫ್ ಸ್ಪೇಸ್’, 1952ರಿಂದ 1954ರವರೆಗೆ ವರ್ನರ್ ಫಾನ್ ಬ್ರೌನ್ ಮೊದಲಾದವರ ಲೇಖನಗಳೊಂದಿಗೆ ‘ಕಾಲಿಯರ್ಸ್’ ಪತ್ರಿಕೆಯಲ್ಲಿ ಬಂದ ಚಿತ್ರಗಳು ಬಾಹ್ಯಾಕಾಶ ಯಾನವನ್ನು ಅಮೆರಿಕದ ಸಾಮಾನ್ಯ ಓದುಗರ ಮನೆಯ ಮಾತಾಗಿಸಿದವು. 1950ರ ‘ಡೆಸ್ಟಿನೇಷನ್ ಮೂನ್’ ಸಿನಿಮಾಕ್ಕೂ ಚಂದ್ರನ ಹಿನ್ನೆಲೆ ಬರೆದವನು ಬೋನ್‌ಸ್ಟೆಲ್ಲೇ. ಅದರಲ್ಲಿ ಚಂದ್ರನ ನೆಲ ಒಣಗಿದ ಕೆರೆಯಂತೆ ಬಿರುಕು ಬಿಟ್ಟಿದೆ. ಹಿಂದೆ ಹೋದಂತೆ ಬಿರುಕುಗಳನ್ನು ಚಿಕ್ಕದಾಗಿಸಿದರೆ ಇಕ್ಕಟ್ಟಾದ ಸೆಟ್ಟೂ ಬಲು ದೂರ ಹರಡಿದಂತೆ ತೋರುತ್ತದೆಂದು ಕಲಾ ನಿರ್ದೇಶಕರು ಹಾಗೆ ಮಾಡಿಸಿದ್ದರು. ಕೆಸರು ಒಣಗಬೇಕಾದರೆ ಮೊದಲು ನೀರಿರಬೇಕು. ಬೋನ್‌ಸ್ಟೆಲ್ ಆ ಬಿರುಕುಗಳನ್ನು ಒಪ್ಪಲಿಲ್ಲ.

ನೌಕೆಗಳ ತೀರ್ಪು

1971ರ ಜುಲೈ ಕೊನೆಯಲ್ಲಿ ಅಪೊಲೊ-15 ಚಂದ್ರನ ಹ್ಯಾಡ್ಲಿ ಬೆಟ್ಟಗಳ ಬುಡದಲ್ಲಿ ಇಳಿಯಿತು. ಸುತ್ತ ಕಿಲೋಮೀಟರುಗಟ್ಟಲೆ ಎತ್ತರದ ಬೆಟ್ಟಗಳು, ಆದರೆ ಒಂದೂ ಚೂಪಿಲ್ಲ. ಎಲ್ಲವೂ ಉಜ್ಜಿ ನಯಮಾಡಿದಂತೆ ದುಂಡು. ಗಾಳಿ ಮಳೆಗಳಿಲ್ಲದಿದ್ದರೂ ಸವೆತ ನಡೆದಿತ್ತು. ತಡೆಯಲು ವಾಯುಮಂಡಲವಿಲ್ಲದ ಕಾರಣ ಮರಳಕಣಕ್ಕಿಂತ ಸಣ್ಣ ಉಲ್ಕೆಗಳೂ ನೇರ ನೆಲಕ್ಕೆ ಬಡಿಯುತ್ತವೆ. ಕೋಟ್ಯಂತರ ವರ್ಷ ಆ ಹೊಡೆತ ತಿಂದ ಬಂಡೆ ಪುಡಿಯಾಗಿ ಇಳಿಜಾರುಗಳಲ್ಲಿ ಜಾರಿ ಕೂತಿದೆ. ಸವೆಸುವುದು ಗಾಳಿ ಮಳೆ ಮಾತ್ರ ಎಂಬ ನಂಬಿಕೆ ಭೂಮಿಯ ಅಭ್ಯಾಸದಿಂದ ಬಂದದ್ದಾಗಿತ್ತು. ಹಗಲಿನ ಚಂದ್ರಾಕಾಶದ ತುಂಬ ನಕ್ಷತ್ರಗಳನ್ನು ಚೆಲ್ಲಿದ ಚಿತ್ರಗಳೂ ಫೋಟೊಗಳಿಗೆ ಹೊಂದಲಿಲ್ಲ. ಬಿಸಿಲು ಬಿದ್ದ ನೆಲಕ್ಕೆ ಹೊಂದಿಸಿದ ಕ್ಯಾಮೆರಾದಲ್ಲಿ ಮಂದವಾದ ನಕ್ಷತ್ರಗಳು ಮೂಡುವುದಿಲ್ಲ. ಅಪೊಲೊ ಫೋಟೊಗಳಲ್ಲಿ ಆಕಾಶ ಬರೀ ಕಪ್ಪು. ಬೋಸ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ 1957ರಿಂದ ಇದ್ದ ಬೋನ್‌ಸ್ಟೆಲ್‌ನ 40 ಅಡಿ ಉದ್ದದ ಚಂದ್ರದೃಶ್ಯವನ್ನು 1970ರಲ್ಲಿ ಗೋಡೆಯಿಂದ ಇಳಿಸಲಾಯಿತು. ಅದು ಮುಂದೆ ವಾಷಿಂಗ್ಟನ್ನಿನ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯವನ್ನು ಸೇರಿತು. ಅಲ್ಲಿ ಅದರ ಸ್ಥಾನ ಚಂದ್ರನ ನಿಜರೂಪವಾಗಿ ಅಲ್ಲ, 1957ರ ತಿಳಿವಳಿಕೆಯ ದಾಖಲೆಯಾಗಿ.

ಮಂಗಳದ ಆಕಾಶದ ವಿಷಯದಲ್ಲಿ ತಪ್ಪು ಚಿತ್ರಕಾರರದು ಮಾತ್ರವಾಗಿರಲಿಲ್ಲ. ತೆಳು ಗಾಳಿಯ ಮಂಗಳಕ್ಕೆ ನೀಲಿ ಆಕಾಶವನ್ನು ಹಲವರು ಬರೆದಿದ್ದರು. 1976ರ ಜುಲೈ 20ರಂದು ವೈಕಿಂಗ್-1 ಇಳಿದು ಮೊದಲ ಬಣ್ಣದ ಚಿತ್ರ ಕಳಿಸಿದಾಗ, ಅದನ್ನು ಸಂಸ್ಕರಿಸಿದವರೂ ಆಕಾಶವನ್ನು ನೀಲಿಯಾಗಿಯೇ ಹೊರಬಿಟ್ಟರು. ನೌಕೆಯ ಮೇಲಿದ್ದ ಬಣ್ಣದ ಮಾದರಿ ಪಟ್ಟಿಯೊಂದಿಗೆ ಹೋಲಿಸಿ ಸರಿಪಡಿಸಿದ ಮೇಲೆ ಗಾಳಿಯಲ್ಲಿ ತೇಲುವ ಧೂಳಿನಿಂದ ಕೆಂಬಣ್ಣ ಬೆರೆತ ಹಳದಿ ಆಕಾಶ ಕಂಡಿತು.

ಟೈಟನ್ನಿನ ತೀರ್ಪು ಬರಲು 2005 ಆಗಬೇಕಾಯಿತು. ವಾಯೇಜರ್-1 ನೌಕೆಗೆ 1980ರ ನವೆಂಬರ್‌ನಲ್ಲಿ ಕಿತ್ತಳೆ ಬಣ್ಣದ ಮಬ್ಬಿನ ಹೊರತು ಏನೂ ಕಂಡಿರಲಿಲ್ಲ. 2005ರ ಜನವರಿ 14ರಂದು ಹಾಯ್ಗನ್ಸ್ ನೌಕೆ ಆ ಮಬ್ಬಿನೊಳಗೆ ಎರಡೂವರೆ ಗಂಟೆ ಇಳಿದು ನೆಲ ಮುಟ್ಟಿತು. ಅಲ್ಲಿನ ಉಷ್ಣತೆ ಸೊನ್ನೆಗಿಂತ 179 ಡಿಗ್ರಿ ಸೆಲ್ಸಿಯಸ್ ಕೆಳಗೆ. ಗಾಳಿಯ ಒತ್ತಡ ಭೂಮಿಯದಕ್ಕಿಂತ ಒಂದೂವರೆ ಪಟ್ಟು. ದ್ರವ ಮೀಥೇನ್ ಹರಿದು ಉರುಳಿಸಿದ ದುಂಡು ಹಿಮಗಲ್ಲುಗಳು ಹೊಳೆಯ ಪಾತ್ರದಲ್ಲಿ ಬಿದ್ದಂತೆ ಬಿದ್ದಿದ್ದವು. ಬಿಸಿಲು ಮೀಥೇನನ್ನು ಒಡೆದು ಹುಟ್ಟಿಸಿದ ಕಿತ್ತಳೆ ಮಬ್ಬು ಎಷ್ಟು ದಟ್ಟವೆಂದರೆ ಟೈಟನ್ನಿನ ನೆಲದಿಂದ ಶನಿ ಕಣ್ಣಿಗೆ ಕಾಣುವುದಿಲ್ಲ. ಬೋನ್‌ಸ್ಟೆಲ್ ಲೆಕ್ಕ ಹಾಕಿದ ಶನಿಯ ಗಾತ್ರ, ಉಂಗುರದ ಗೆರೆ ಎರಡೂ ಸರಿ. ಅವನ್ನು ನೋಡಲು ಮಬ್ಬಿನ ಮೇಲಕ್ಕೆ ಏರಬೇಕು.

ಈ ನಡುವೆ ಸ್ವತಃ ಹೋಗಿ ನೋಡಿದ ಚಿತ್ರಕಾರರೂ ಬಂದರು. 1965ರ ಮಾರ್ಚ್‌ನಲ್ಲಿ ಮೊದಲ ಬಾರಿಗೆ ಬಾಹ್ಯಾಕಾಶದಲ್ಲಿ ನಡೆದ ಅಲೆಕ್ಸಿ ಲಿಯೊನೊವ್ ಅದೇ ಯಾನದಲ್ಲಿ ಬಣ್ಣದ ಪೆನ್ಸಿಲ್‌ಗಳಿಂದ ಕಕ್ಷೆಯ ಸೂರ್ಯೋದಯವನ್ನು ಬರೆದ. ಬಾಹ್ಯಾಕಾಶದಲ್ಲಿ ಬಿಡಿಸಿದ ಮೊದಲ ಚಿತ್ರ ಅದು. 1969ರಲ್ಲಿ ಅಪೊಲೊ-12ರಲ್ಲಿ ಚಂದ್ರನ ಮೇಲೆ ನಡೆದ ಆಲನ್ ಬೀನ್ ಮುಂದೆ ಪೂರ್ಣಾವಧಿ ಚಿತ್ರಕಾರನಾಗಿ, ತನ್ನ ಗಗನಉಡುಪಿನ ಲಾಂಛನಗಳಿಗೆ ಅಂಟಿದ್ದ ಚಂದ್ರಧೂಳನ್ನು ಚಿತ್ರಗಳಲ್ಲಿ ಬೆರೆಸಿದ.

ಹೊಸ ಗ್ರಹಗಳು, ಹಳೆಯ ವಿಧಾನ

1995ರಲ್ಲಿ ಸೂರ್ಯನಂಥ ಇನ್ನೊಂದು ನಕ್ಷತ್ರದ ಸುತ್ತ ಗ್ರಹ ಪತ್ತೆಯಾದ ಮೇಲೆ ಈ ಕಲೆಗೆ ಹೊಸ ಕ್ಷೇತ್ರ ತೆರೆಯಿತು. ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1 ನಕ್ಷತ್ರಕ್ಕೆ ಏಳು ಗ್ರಹಗಳಿವೆ ಎಂದು 2017ರ ಫೆಬ್ರವರಿ 22ರಂದು ಪ್ರಕಟವಾದಾಗ ಪತ್ರಿಕೆಗಳ ಮುಖಪುಟದಲ್ಲಿ ಬಂದ ಚಿತ್ರಗಳು ಫೋಟೊಗಳಾಗಿರಲಿಲ್ಲ. ನಕ್ಷತ್ರದ ಬೆಳಕು ಗ್ರಹ ಅಡ್ಡ ಬಂದಾಗಲೆಲ್ಲ ಎಷ್ಟು ಕುಂದುತ್ತದೆ ಎಂಬ ಅಳತೆಯಿಂದ ಗ್ರಹದ ಗಾತ್ರ ಸಿಗುತ್ತದೆ; ಎಷ್ಟು ದಿನಕ್ಕೊಮ್ಮೆ ಕುಂದುತ್ತದೆ ಎಂಬುದರಿಂದ ಕಕ್ಷೆಯ ದೂರ ಸಿಗುತ್ತದೆ. ಇವೆರಡರಿಂದ ಬೋನ್‌ಸ್ಟೆಲ್ಲನ ಲೆಕ್ಕವನ್ನೇ ಮತ್ತೆ ಹಾಕಬಹುದು. ಟ್ರ್ಯಾಪಿಸ್ಟ್-1ಇ ಗ್ರಹದ ಆಕಾಶದಲ್ಲಿ ಅದರ ಕೆಂಪು ಸೂರ್ಯ ಎರಡು ಡಿಗ್ರಿಗಿಂತ ತುಸು ಹೆಚ್ಚು, ನಮ್ಮ ಸೂರ್ಯನ ನಾಲ್ಕು ಪಟ್ಟು ಅಗಲ. ಇಷ್ಟು ಅಳತೆ. ಅದರ ಕೆಳಗೆ ಬರೆದ ಸಮುದ್ರ, ಹಿಮ, ಮೋಡ ಊಹೆ.

ಇಂಥ ಚಿತ್ರದ ಅಡಿಯಲ್ಲಿ ‘ಕಲಾವಿದರ ಕಲ್ಪನೆ’ ಎಂಬ ಒಂದು ಸಾಲು ಇರುತ್ತದೆ. ಆ ಸಾಲು ಕಂಡಾಗ ಚಿತ್ರದ ಯಾವ ಭಾಗ ಅಳೆದದ್ದು, ಯಾವುದು ಅಳತೆಯಿಂದ ತರ್ಕಿಸಿದ್ದು, ಯಾವುದು ಬೇರೇನೂ ತಿಳಿಯದೆ ಭೂಮಿಯಿಂದ ಎರವಲು ತಂದದ್ದು ಎಂದು ಬಿಡಿಸಿ ನೋಡಬೇಕು. ಗೆಲಿಲಿಯೊನ ತ್ರಿಕೋನ, ನ್ಯಾಸ್ಮಿತ್‌ನ ಕೆಂಪು ಉಂಗುರ, ರುಡೊನ ದುಂಡು ಗುಡ್ಡ, ಬೋನ್‌ಸ್ಟೆಲ್‌ನ ಶನಿಯ ಗಾತ್ರ ಮೊದಲೆರಡು ಬಗೆಯವು. ಈಟಿಯಂಥ ಶಿಖರ, ಮಂಗಳದ ನೀಲಿ ಆಕಾಶ ಮೂರನೆಯ ಬಗೆಯವು. ಟ್ರ್ಯಾಪಿಸ್ಟ್-1ರ ಚಿತ್ರಗಳ ಪರೀಕ್ಷೆಯೂ ಶುರುವಾಗಿದೆ. ಆ ಏಳರಲ್ಲಿ ಅತ್ಯಂತ ಒಳಗಿನ ಗ್ರಹದ ಹಗಲಿನ ಮುಖ ಸುಮಾರು 230 ಡಿಗ್ರಿ ಸೆಲ್ಸಿಯಸ್ ಕಾದಿದೆ, ಅದಕ್ಕೆ ಹೇಳಿಕೊಳ್ಳುವಂಥ ವಾಯುಮಂಡಲವಿದ್ದಂತಿಲ್ಲ ಎಂದು ಜೇಮ್ಸ್ ವೆಬ್ ದೂರದರ್ಶಕದ ಅಳತೆ 2023ರಲ್ಲಿ ತಿಳಿಸಿತು. ಇನ್ನು ಮುಂದೆ ಆ ಗ್ರಹದ ಚಿತ್ರ ಬರೆಯುವವರು ಅದರ ಆಕಾಶಕ್ಕೆ ಕಪ್ಪು ಬಣ್ಣ ಹಚ್ಚಬೇಕಾಗುತ್ತದೆ.